‘ಹೀಗೆ ಮಾಡಿ’ ಎನ್ನುವ ಪುಟಗಳನ್ನು ಒರೆಗೆ ಹಚ್ಚುವುದು ಹೇಗೆ?



ಅಡುಗೆಮನೆಯ ನಲ್ಲಿ ಸೋರುತ್ತಿದೆ. ಬಿಳಿ ಅಂಗಿಯ ಮೇಲೆ ಅರಿಸಿನದ ಕಲೆ ಬಿದ್ದಿದೆ. ನಾಳೆ ಗೆಳತಿಯ ಮದುವೆ, ಸೀರೆಯ ನೆರಿಗೆ ನಿಲ್ಲುತ್ತಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಒಂದು ದಿನವಾದರೂ ಮನೆಯ ಸಾರು ಕುಡಿಯಬೇಕೆಂಬ ಆಸೆ. ಇಂಥ ಹೊತ್ತಿನಲ್ಲಿ ನೀವು ಮೊದಲು ಮಾಡುವ ಕೆಲಸವೇನು? ಯಾರನ್ನೂ ಕೂಗುವುದಿಲ್ಲ. ಮೊಬೈಲ್ ತೆಗೆದು ‘ಹೇಗೆ’ ಎಂಬ ಒಂದು ಪದ ಸೇರಿಸಿ ಹುಡುಕುತ್ತೀರಿ. ಕ್ಷಣದಲ್ಲಿ ನೂರಾರು ಪುಟಗಳು, ಸಾವಿರಾರು ವೀಡಿಯೋಗಳು ಕೈಕಟ್ಟಿ ನಿಲ್ಲುತ್ತವೆ. ಅವುಗಳಲ್ಲಿ ಒಂದನ್ನು ತೆರೆದು ಅದು ಹೇಳಿದಂತೆ ಮಾಡತೊಡಗುತ್ತೀರಿ.

ಆ ಒಂದನ್ನು ಯಾವ ಆಧಾರದ ಮೇಲೆ ಆರಿಸಿಕೊಂಡಿರಿ? ಹೆಚ್ಚಿನವರ ಉತ್ತರ ಒಂದೇ: ‘ಮೊದಲು ಬಂತು, ನೋಡಲು ಚೆನ್ನಾಗಿತ್ತು.’

ಊರಿನಲ್ಲೇ ಬೆಳೆದ ನಿಮ್ಮ ತಂದೆತಾಯಿಯರಿಗೆ ಈ ಪ್ರಶ್ನೆ ಅಷ್ಟಾಗಿ ಎದುರಾಗಲಿಲ್ಲ. ಕೆಲಸ ಕಲಿಯುವುದೆಂದರೆ ಬಲ್ಲವರ ಪಕ್ಕದಲ್ಲಿ ನಿಲ್ಲುವುದು ಎಂದೇ ಅರ್ಥವಾಗಿತ್ತು. ಅಜ್ಜಿ ಒಲೆಯ ಮುಂದೆ, ಮೊಮ್ಮಗಳು ಅವಳ ಮಗ್ಗುಲಲ್ಲಿ. ಹೊರನಾಡಿಗೆ ಬಂದ ಮನೆಗಳಲ್ಲಿ ಆ ಪಕ್ಕದ ಜಾಗ ಖಾಲಿಯಾಯಿತು. ಅಜ್ಜಿ ಹಾಸನದಲ್ಲೋ ಧಾರವಾಡದಲ್ಲೋ ಉಳಿದರು. ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಎಂಟಕ್ಕೆ ಲೋಕಲ್ ಹಿಡಿದರು. ಖಾಲಿಯಾದ ಜಾಗದಲ್ಲಿ ಈಗ ಮೊಬೈಲಿನ ಪರದೆ ನಿಂತಿದೆ. ಅದು ನಿಂತದ್ದು ತಪ್ಪಲ್ಲ; ಎಷ್ಟೋ ಜನರಿಗೆ ಉಪಕಾರವೇ ಆಗಿದೆ. ಆದರೆ ಪಕ್ಕದಲ್ಲಿ ನಿಂತ ಮನುಷ್ಯ ಮಾಡುತ್ತಿದ್ದ ಒಂದು ಕೆಲಸವನ್ನು ಪರದೆ ಮಾಡಲಾರದು. ಅದಕ್ಕೆ ನಿಮ್ಮ ಕೈ ಕಾಣುವುದಿಲ್ಲ. ‘ಅಯ್ಯೋ, ಉರಿ ಸಣ್ಣದು ಮಾಡು’ ಎಂದು ಅದು ನಡುವೆ ಕೂಗುವುದಿಲ್ಲ.

ಆದ್ದರಿಂದ ಒಂದು ಪುಟ ಒಳ್ಳೆಯದೋ ಅಲ್ಲವೋ ಎಂದು ಅಳೆಯಲು ಇರುವ ಅಳತೆಗೋಲು ಇದು: ನೀವು ತಪ್ಪು ಮಾಡಿದಾಗ ಅದು ನಿಮಗೇ ಗೊತ್ತಾಗುವಂತೆ ಆ ಪುಟ ಬರೆಯಲ್ಪಟ್ಟಿದೆಯೇ? ಉಳಿದೆಲ್ಲ ಗುಣಗಳೂ ಇದರ ಸುತ್ತ ಬರುತ್ತವೆ.

ಹಳೆಯ ಹಾದಿ, ಹೊಸ ಪರದೆ

ಬರಹದ ಮೂಲಕ ಕೆಲಸ ಕಲಿಸುವುದು ಅಂತರ್ಜಾಲದ ಆವಿಷ್ಕಾರವೇನೂ ಅಲ್ಲ. ಕನ್ನಡದಲ್ಲೇ ಈ ಹಾದಿಗೆ ಸುಮಾರು ಸಾವಿರ ವರ್ಷದ ವಯಸ್ಸಿದೆ. ಎರಡನೆಯ ಚಾವುಂಡರಾಯ ಕ್ರಿ.ಶ. 1025ರ ಸುಮಾರಿಗೆ ‘ಲೋಕೋಪಕಾರ’ ಎಂಬ ಗ್ರಂಥ ರಚಿಸಿದ. ಹೆಸರೇ ಹೇಳುವಂತೆ ಅದು ಜನರ ನಿತ್ಯದ ಉಪಯೋಗಕ್ಕೆ ಬೇಕಾದ ತಿಳಿವಳಿಕೆಯ ಸಂಗ್ರಹ. ಬಾವಿ ತೋಡಲು ನೀರಿನ ಸೆಲೆ ಹುಡುಕುವುದು, ಮರಗಿಡಗಳ ಆರೈಕೆ, ಅಡುಗೆ, ಸುಗಂಧ ದ್ರವ್ಯ, ಔಷಧಿ, ದನಕರುಗಳ ಚಿಕಿತ್ಸೆ, ಎಲ್ಲವೂ ಅದರಲ್ಲಿವೆ. ಐದು ಶತಮಾನಗಳ ನಂತರ ಮೂರನೆಯ ಮಂಗರಸ ಅಡುಗೆಗೆಂದೇ ‘ಸೂಪಶಾಸ್ತ್ರ’ ಬರೆದ. ನೀವು ಬೆಳೆದ ಊರುಗಳಲ್ಲೂ ಇಂಥ ಪುಸ್ತಕಗಳ ಪರಂಪರೆಯಿದೆ. ಮದರಾಸಿನ ಮನೆಗಳಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ಅವರ ‘ಸಮೈತ್ತು ಪಾರ್’ (1951), ಮಹಾರಾಷ್ಟ್ರದ ಮನೆಗಳಲ್ಲಿ ಕಮಲಾಬಾಯಿ ಓಗಲೆ ಅವರ ‘ರುಚಿರಾ’ (1970) ಹೊಸದಾಗಿ ಸಂಸಾರ ಹೂಡಿದವರ ಕೈಹಿಡಿದು ನಡೆಸಿದವು. ಓಗಲೆಯವರು ಬಟ್ಟಲು, ಚಮಚದ ಲೆಕ್ಕದಲ್ಲಿ ಪ್ರಮಾಣ ಕೊಟ್ಟರು. ತಕ್ಕಡಿ ಇಲ್ಲದ ಅಡುಗೆಮನೆಯಲ್ಲೂ ಬಟ್ಟಲು ಇರುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಓದುವವರ ಕೈಯಲ್ಲಿ ಏನಿದೆ ಎಂದು ಯೋಚಿಸಿ ಬರೆಯುವುದು ಇದೇ.

ಜಾಲತಾಣಗಳ ಕಥೆಗೆ ಬರೋಣ. ಅಮೆರಿಕದಲ್ಲಿ 1999ರಲ್ಲಿ ‘ಈಹೌ’ ಎಂಬ ತಾಣ ಶುರುವಾಯಿತು. 2004ರಲ್ಲಿ ಅದನ್ನು ಜ್ಯಾಕ್ ಹೆರಿಕ್ ಮತ್ತು ಜೋಶ್ ಹ್ಯಾನಾ ಕೊಂಡುಕೊಂಡರು. ಯಾರು ಬೇಕಾದರೂ ಬರೆದು ತಿದ್ದಬಹುದಾದ ‘ವಿಕಿಹೌ’ ತಾಣವನ್ನು 2005ರಲ್ಲಿ ಆರಂಭಿಸಿ, ಮರುವರ್ಷ ಈಹೌವನ್ನು ಡಿಮಾಂಡ್ ಮೀಡಿಯಾ ಎಂಬ ಸಂಸ್ಥೆಗೆ ಮಾರಿದರು. ಅಲ್ಲಿಂದ ಒಂದೇ ಬೇರಿನ ಎರಡು ತಾಣಗಳು ಎರಡು ದಿಕ್ಕಿಗೆ ಹೋದವು. ಡಿಮಾಂಡ್ ಮೀಡಿಯಾ ಜನ ಏನನ್ನು ಹುಡುಕುತ್ತಾರೆ, ಯಾವ ಪದಕ್ಕೆ ಜಾಹೀರಾತಿನ ಹಣ ಹೆಚ್ಚು ಎಂದು ಗಣಕಯಂತ್ರದಿಂದ ಲೆಕ್ಕಹಾಕಿಸಿ, ಆ ಪಟ್ಟಿಯಂತೆ ಬಿಡಿ ಬರಹಗಾರರಿಂದ ಲೇಖನಗಳನ್ನು ಬರೆಸಿತು. ಒಂದು ಲೇಖನಕ್ಕೆ ಸಂಭಾವನೆ ಸುಮಾರು 15 ಡಾಲರು. ಆ ದರದಲ್ಲಿ ಬರೆಯುವವನು ನಲ್ಲಿ ಬಿಚ್ಚಿ ನೋಡಿ ಬರೆಯುತ್ತಾನೆಯೇ? ನಾಲ್ಕು ಪುಟಗಳನ್ನು ಓದಿ ಐದನೆಯದನ್ನು ಬರೆಯುತ್ತಾನೆ. ಇಂಥ ಬರಹದ ಹೊಳೆ ಎಷ್ಟು ಹೆಚ್ಚಿತೆಂದರೆ, ಸತ್ವ ಕಡಿಮೆ ಇರುವ ಪುಟಗಳನ್ನು ಹಿಂದಕ್ಕೆ ತಳ್ಳುವ ಸಲುವಾಗಿ ಗೂಗಲ್ 2011ರ ಫೆಬ್ರವರಿಯಲ್ಲಿ ‘ಪಾಂಡಾ’ ಎಂಬ ಮಾರ್ಪಾಡನ್ನೇ ತರಬೇಕಾಯಿತು.

ಈ ಕಥೆಯಿಂದ ನಿಮಗೆ ಸಿಗುವ ಮೊದಲ ಪ್ರಶ್ನೆ: ಈ ಪುಟ ಬರೆದವರು ಈ ಕೆಲಸವನ್ನು ತಮ್ಮ ಕೈಯಿಂದ ಮಾಡಿದ್ದಾರೆಯೇ? ಮಾಡಿದವರ ಬರಹದಲ್ಲಿ ಅದರ ಗುರುತು ಇದ್ದೇ ಇರುತ್ತದೆ. ‘ಇಲ್ಲಿ ಸ್ಕ್ರೂ ಸ್ವಲ್ಪ ಬಿಗಿಯಾಗಿರುತ್ತದೆ’, ‘ಈ ಹಂತದಲ್ಲಿ ಹಿಟ್ಟು ಕೈಗೆ ಅಂಟುತ್ತದೆ, ಗಾಬರಿ ಬೇಡ’ ಎಂಬಂಥ ಮಾತುಗಳು ಕೇಳಿ ಬರೆದವರಿಗೆ ಹೊಳೆಯುವುದಿಲ್ಲ.

ಅಂದಕ್ಕೆ ಮರುಳಾಗದಿರಿ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮವರು ಹೇಳುತ್ತಾ ಬಂದಿದ್ದಾರೆ. ಅಂತರ್ಜಾಲದಲ್ಲಿ ಈ ಗಾದೆ ದಿನವೂ ನಿಜವಾಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿ.ಜೆ. ಫಾಗ್ ಮತ್ತು ಸಂಗಡಿಗರು 2002ರಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ಜಾಲತಾಣಗಳನ್ನು ತೋರಿಸಿ, ಯಾವುದನ್ನು ನಂಬುತ್ತೀರಿ, ಏಕೆ ಎಂದು ಕೇಳಿದರು. ಬಂದ ಅಭಿಪ್ರಾಯಗಳಲ್ಲಿ ಶೇಕಡಾ 46ರಷ್ಟು ತಾಣದ ಹೊರನೋಟವನ್ನೇ ಪ್ರಸ್ತಾಪಿಸಿದವು: ಬಣ್ಣ, ಅಕ್ಷರ, ಜೋಡಣೆ. ಬರೆದವರು ಯಾರು, ಮಾತು ನಿಜವೇ ಎಂಬುದು ಹಿಂದೆ ಬಿತ್ತು.

ಹಾಗಾದರೆ ವಿನ್ಯಾಸಕ್ಕೆ ಬೆಲೆಯೇ ಇಲ್ಲವೇ? ಖಂಡಿತ ಇದೆ. ಆದರೆ ಅದು ಅಲಂಕಾರದ ಬೆಲೆಯಲ್ಲ, ಕೆಲಸದ ಬೆಲೆ. ಯಾಕೋಬ್ ನೀಲ್ಸನ್ ಎಂಬ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಪುಟ ಎದುರಾದಾಗ ಶೇಕಡಾ 79 ಮಂದಿ ಕಣ್ಣಾಡಿಸಿ ಮುಂದೆ ಹೋಗುತ್ತಿದ್ದರು. ಪದಪದವಾಗಿ ಓದಿದವರು ಶೇಕಡಾ 16 ಮಾತ್ರ. ಕೆಲಸ ಮಾಡುತ್ತಾ ಓದುವವರ ಪಾಡು ಇನ್ನೂ ಕಷ್ಟ. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಗೆ ಹಿಟ್ಟು. ಕಣ್ಣು ಪರದೆಗೂ ಬಾಣಲೆಗೂ ಓಡಾಡುತ್ತಿರುತ್ತದೆ. ಪ್ರತಿಬಾರಿ ಮರಳಿ ಬಂದಾಗ ‘ಎಲ್ಲಿದ್ದೆ ನಾನು?’ ಎಂದು ಹುಡುಕುವಂತಾದರೆ ಆ ಪುಟ ಸೋತಂತೆ.

ಆದ್ದರಿಂದ ವಿನ್ಯಾಸವನ್ನು ಹೀಗೆ ನೋಡಿ. ಹಂತಗಳಿಗೆ ಸಂಖ್ಯೆ ಇದೆಯೇ? ಒಂದು ಹಂತದಲ್ಲಿ ಒಂದೇ ಕೆಲಸವೋ, ನಾಲ್ಕು ಕೆಲಸ ಒಂದೇ ವಾಕ್ಯದಲ್ಲಿ ತುರುಕಿದ್ದಾರೋ? ಚಿತ್ರ ಆ ಹಂತದ ಚಿತ್ರವೋ, ಸುಮ್ಮನೆ ಅಂದಕ್ಕೆ ಹಾಕಿದ್ದೋ? ಅಕ್ಷರ ತೋಳಳತೆ ದೂರದಿಂದ ಕಾಣುತ್ತದೆಯೇ? ಜಾಹೀರಾತು ಮೂರನೆಯ ಹಂತಕ್ಕೂ ನಾಲ್ಕನೆಯದಕ್ಕೂ ನಡುವೆ ಬಂದು ಕೂತಿದೆಯೇ? ವೀಡಿಯೋ ಆದರೆ, ಬೇಕಾದ ಜಾಗಕ್ಕೆ ನೇರ ಹೋಗುವ ಅನುಕೂಲವಿದೆಯೇ, ಕೊನೆಗೆ ಎಲ್ಲ ಪ್ರಮಾಣಗಳೂ ಬರಹದಲ್ಲಿವೆಯೇ?

ಐಬಿಎಂ ಸಂಸ್ಥೆಯಲ್ಲಿ ಸಂಶೋಧಕರಾಗಿದ್ದ ಜಾನ್ ಕ್ಯಾರಲ್ 1990ರಲ್ಲಿ ‘ದ ನ್ಯೂರ್ನ್‌ಬರ್ಗ್ ಫನಲ್’ ಎಂಬ ಪುಸ್ತಕ ಪ್ರಕಟಿಸಿದರು. ಫನಲ್ ಎಂದರೆ ಎಣ್ಣೆ ಸುರಿಯುವ ಆಲಿಕೆ. ತಲೆಗೆ ಆಲಿಕೆ ಇಟ್ಟು ವಿದ್ಯೆ ಸುರಿಯಬಹುದು ಎಂಬ ಹಳೆಯ ಜರ್ಮನ್ ಕಟ್ಟುಕಥೆಯಿಂದ ಆ ಹೆಸರು. ಜನ ಕೈಪಿಡಿಯನ್ನು ಆದಿಯಿಂದ ಅಂತ್ಯದವರೆಗೆ ಓದಿ ಆಮೇಲೆ ಯಂತ್ರ ಮುಟ್ಟುವುದಿಲ್ಲ, ಮೊದಲೇ ಕೈಹಚ್ಚಿ ನಡುವೆ ಸಿಕ್ಕಿಬೀಳುತ್ತಾರೆ ಎಂದು ಅವರು ಕಂಡುಕೊಂಡರು. ಆದ್ದರಿಂದ ಕೈಪಿಡಿ ಚಿಕ್ಕದಾಗಿರಬೇಕು. ಜೊತೆಗೆ, ತಪ್ಪನ್ನು ಗುರುತಿಸಿ ಅದರಿಂದ ಹೊರಬರುವುದನ್ನು ಕಲಿಸಬೇಕು ಎಂದರು. ಅಂದು ಟೈಪಿಂಗ್ ಮಾಡುವ ಗಣಕಗಳ ಬಗ್ಗೆ ಹೇಳಿದ ಈ ಮಾತು ಇಂದಿನ ಪುಟಗಳಿಗೂ ಸಲ್ಲುತ್ತದೆ.

ಎಚ್ಚರಿಕೆ ಎಲ್ಲಿದೆ?

ಈಗ ಎರಡು ಪ್ರಸಿದ್ಧ ತಾಣಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ‘ಐಫಿಕ್ಸಿಟ್’ ಎಂಬುದು ಮೊಬೈಲ್, ಲ್ಯಾಪ್‌ಟಾಪ್ ಮುಂತಾದವುಗಳ ದುರಸ್ತಿ ಕಲಿಸುವ ತಾಣ. 2003ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಕೈಲ್ ವೀನ್ಸ್ ಮತ್ತು ಲ್ಯೂಕ್ ಸೌಲ್ಸ್, ಇದನ್ನು ಶುರುಮಾಡಿದರು. ಕೆಟ್ಟ ಲ್ಯಾಪ್‌ಟಾಪನ್ನು ಕೈಪಿಡಿಯಿಲ್ಲದೆ ಬಿಚ್ಚಲು ಹೋಗಿ ಪಟ್ಟ ಪಾಡೇ ಇದಕ್ಕೆ ಮೂಲ. ಅವರ ಪುಟದ ತಲೆಯಲ್ಲೇ ಕೆಲಸ ಎಷ್ಟು ಕಷ್ಟ, ಎಷ್ಟು ಸಮಯ, ಯಾವ ಯಾವ ಉಪಕರಣ ಬೇಕು ಎಂದಿರುತ್ತದೆ. ಅಂದರೆ ಕೈಹಾಕುವ ಮೊದಲೇ ‘ಇದು ನನ್ನಿಂದಾಗದು’ ಎಂದು ಹಿಂದೆ ಸರಿಯುವ ಅವಕಾಶ ನಿಮಗಿದೆ. ಐಫೋನ್ ಬಿಚ್ಚುವ ಮಾರ್ಗದರ್ಶಿಗಳಲ್ಲಿ ಆರಂಭದಲ್ಲೇ, ಬ್ಯಾಟರಿ ಶೇಕಡಾ 25ಕ್ಕಿಂತ ಕೆಳಗಿಳಿಯುವವರೆಗೆ ಬಳಸಿ ಆಮೇಲೆ ಶುರುಮಾಡಿ ಎನ್ನುತ್ತಾರೆ. ಏಕೆ ಎಂದೂ ಹೇಳುತ್ತಾರೆ: ತುಂಬಿದ ಲಿಥಿಯಂ ಬ್ಯಾಟರಿಗೆ ಚುಚ್ಚಿದರೆ ಬೆಂಕಿ ಹತ್ತಬಹುದು. ಎಚ್ಚರಿಕೆ ತಕ್ಕ ಜಾಗದಲ್ಲಿ, ಕಾರಣದ ಸಮೇತ ಬಂದಿದೆ. ಕೊರತೆ ಇಲ್ಲವೆಂದಲ್ಲ. ಬಿಚ್ಚುವುದನ್ನು ಚಿತ್ರಚಿತ್ರವಾಗಿ ತೋರಿಸಿ, ಕೊನೆಗೆ ‘ಮತ್ತೆ ಜೋಡಿಸಲು ಇದೇ ಹಂತಗಳನ್ನು ಹಿಂದುಮುಂದಾಗಿ ಮಾಡಿ’ ಎಂದು ಮುಗಿಸುವುದು ಅಲ್ಲಿ ವಾಡಿಕೆ. ಬಿಚ್ಚಿದಷ್ಟು ಸುಲಭವಾಗಿ ಜೋಡಿಸಲಾಗುವುದಿಲ್ಲ ಎಂಬುದನ್ನು ಗೋಡೆ ಗಡಿಯಾರ ಬಿಚ್ಚಿದ ಯಾವ ಹುಡುಗನಾದರೂ ಹೇಳಿಯಾನು!

ವಿಕಿಹೌ ಪುಟಗಳದು ಇನ್ನೊಂದು ರೀತಿ. ಹಂತಹಂತಕ್ಕೂ ಚಿತ್ರ, ಸರಳ ಭಾಷೆ, ಬರೆದವರೆಷ್ಟು ಮಂದಿ, ಯಾವಾಗ ತಿದ್ದಿದ್ದು ಎಂಬ ವಿವರ, ಹಲವು ಪುಟಗಳಿಗೆ ಆ ವಿಷಯದ ತಜ್ಞರ ಪರಿಶೀಲನೆ. ಮೆಚ್ಚತಕ್ಕದ್ದೇ. ಆದರೆ ‘ಎಚ್ಚರಿಕೆಗಳು’ ಎಂಬ ಭಾಗ ಬಹಳಷ್ಟು ಪುಟಗಳಲ್ಲಿ ಹಂತಗಳೆಲ್ಲ ಮುಗಿದ ಮೇಲೆ, ಕೆಳಗೆ ಬರುತ್ತದೆ. ಪುಟವನ್ನು ಪೂರ್ತಿ ಓದಿ ಆಮೇಲೆ ಕೆಲಸ ಶುರುಮಾಡುವವರಿಗೆ ಇದರಿಂದ ತೊಂದರೆಯಿಲ್ಲ. ಅಂಥವರು ವಿರಳ ಎಂದು ಕ್ಯಾರಲ್ ಹೇಳಿದ್ದನ್ನು ಈಗಷ್ಟೇ ನೋಡಿದೆವು. ‘ಮುಂದೆ ಹಳ್ಳವಿದೆ’ ಎಂಬ ಫಲಕವನ್ನು ಹಳ್ಳ ದಾಟಿದ ಮೇಲೆ ನೆಟ್ಟರೆ ಏನು ಫಲ? ಆದ್ದರಿಂದ ಯಾವ ಪುಟವೇ ಆಗಲಿ, ಮೊದಲು ಕೊನೆಗೆ ಹೋಗಿ ಎಚ್ಚರಿಕೆ ಓದಿ, ಆಮೇಲೆ ಮೊದಲಿಗೆ ಬನ್ನಿ.

ಎಚ್ಚರಿಕೆಯ ಮಾತನ್ನು ಹಗುರವಾಗಿ ಎಣಿಸಬೇಡಿ. ಶೌಚಾಲಯ ತೊಳೆಯುವ ಆಮ್ಲವನ್ನೋ ವಿನೆಗರನ್ನೋ ಬ್ಲೀಚಿನೊಂದಿಗೆ ಬೆರೆಸಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ‘ಎರಡೂ ಕಲೆ ತೆಗೆಯುತ್ತವೆ, ಸೇರಿದರೆ ದುಪ್ಪಟ್ಟು ಬಲ’ ಎಂದು ಯಾರೋ ಉತ್ಸಾಹದಿಂದ ಹೇಳಿದರೆ ಅದನ್ನು ಪರೀಕ್ಷಿಸಲು ನಿಮ್ಮ ಕಿಟಕಿಯಿಲ್ಲದ ಸ್ನಾನದ ಕೋಣೆ ಜಾಗವಲ್ಲ.

‘ಏಕೆ’ ಎಂಬುದಕ್ಕೆ ಉತ್ತರವಿದೆಯೇ?

ಕಾರಣ ಹೇಳದ ಸೂಚನೆ ಹೇಗೆ ಕೈಕೊಡುತ್ತದೆ ಎಂಬುದಕ್ಕೆ ಬೆಳ್ಳುಳ್ಳಿಯ ಒಂದು ನಿಜಸಂಗತಿ ಇದೆ. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಒಂದೇ ಹೋಟೆಲಿನಲ್ಲಿ ಊಟ ಮಾಡಿದ 36 ಮಂದಿ ‘ಬಾಟ್ಯುಲಿಸಂ’ ಎಂಬ ನರಗಳನ್ನು ಕುಗ್ಗಿಸುವ ಕಾಯಿಲೆಗೆ ತುತ್ತಾದರು. ಹುಡುಕುತ್ತಾ ಹೋದಾಗ ಸಿಕ್ಕ ಮೂಲ, ಎಣ್ಣೆಯಲ್ಲಿ ಹಾಕಿಟ್ಟ ಹಚ್ಚಿದ ಬೆಳ್ಳುಳ್ಳಿಯ ಸೀಸೆ. ಮಣ್ಣಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯದ ಬೀಜಕಣಗಳು ಬೆಳ್ಳುಳ್ಳಿಗೆ ಅಂಟಿರಬಹುದು. ಗಾಳಿ ಇಲ್ಲದ, ಹುಳಿ ಇಲ್ಲದ, ತಂಪೂ ಇಲ್ಲದ ಜಾಗ ಅವಕ್ಕೆ ಹೇಳಿಮಾಡಿಸಿದ್ದು. ಎಣ್ಣೆ ಗಾಳಿಯನ್ನು ತಡೆದು ಆ ಜಾಗವನ್ನು ಒದಗಿಸುತ್ತದೆ. ಅವು ಹುಟ್ಟಿಸುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 1989ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲೂ ಇಂಥದೇ ಪ್ರಕರಣ ನಡೆದ ಮೇಲೆ, ಬರೀ ಫ್ರಿಜ್‌ನಲ್ಲಿಡುವುದನ್ನೇ ನಂಬಿದ ಇಂಥ ಸೀಸೆಗಳನ್ನು ಅಲ್ಲಿನ ಸರ್ಕಾರ ಮಾರುಕಟ್ಟೆಯಿಂದ ತೆಗೆಸಿ, ಹುಳಿಯಂಶ ಸೇರಿಸುವುದನ್ನು ಕಡ್ಡಾಯ ಮಾಡಿತು.

‘ನಮ್ಮ ಅಜ್ಜಿ ನೂರು ವರ್ಷದಿಂದ ಎಣ್ಣೆಯಲ್ಲಿ ಉಪ್ಪಿನಕಾಯಿ ಹಾಕುತ್ತಿಲ್ಲವೇ?’ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅಜ್ಜಿಯ ಉಪ್ಪಿನಕಾಯಿಯಲ್ಲಿ ಕಾಯುವ ಕೆಲಸವನ್ನು ಎಣ್ಣೆಯೊಂದೇ ಮಾಡುವುದಿಲ್ಲ; ಧಾರಾಳವಾದ ಉಪ್ಪು, ಮಾವಿನ ಅಥವಾ ನಿಂಬೆಯ ಹುಳಿ ಮಾಡುತ್ತವೆ. ಈಗ ಯೋಚಿಸಿ. ‘ಆರೋಗ್ಯಕ್ಕಾಗಿ ಉಪ್ಪು ಅರ್ಧ ಹಾಕಿ, ಹುಳಿ ಇಷ್ಟವಿಲ್ಲದಿದ್ದರೆ ಬಿಡಿ’ ಎಂದು ಒಂದು ಪುಟ ಹೇಳಿದರೆ ಅದು ತೆಗೆದದ್ದು ರುಚಿಯನ್ನಲ್ಲ, ಕಾವಲುಗಾರನನ್ನು. ಯಾವ ಸಾಮಗ್ರಿ ಏಕಿದೆ ಎಂದು ತಿಳಿದಿದ್ದರೆ ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದು ನಿಮಗೇ ಹೊಳೆಯುತ್ತದೆ. ಒಳ್ಳೆಯ ಪುಟ ಎಲ್ಲಕ್ಕೂ ಕಾರಣ ಹೇಳಬೇಕಾಗಿಲ್ಲ; ತಪ್ಪಿದರೆ ಹಾನಿಯಾಗುವ ಕಡೆ ಹೇಳಲೇಬೇಕು.

ಈ ಪುಟ ಯಾವ ಊರಿನದು?

ನಾವು ಊರಿಂದೂರಿಗೆ ಬಂದವರು. ಆದ್ದರಿಂದ ಊರು ಬದಲಾದರೆ ಅರ್ಥವೂ ಬದಲಾಗುತ್ತದೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಪುಟಗಳ ವಿಷಯದಲ್ಲಿ ಮಾತ್ರ ಇದನ್ನು ಮರೆತುಬಿಡುತ್ತೇವೆ. ಅಮೆರಿಕದ ಮನೆಗಳಲ್ಲಿ ಕಪ್ಪು ತಂತಿಯೆಂದರೆ ವಿದ್ಯುತ್ ಹೊತ್ತು ತರುವ ತಂತಿ, ಬಿಳಿಯದು ನ್ಯೂಟ್ರಲ್. ನಮ್ಮ ದೇಶದ ಮನೆಗಳ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಬಣ್ಣಗಳು ಫೇಸಿಗೆ, ಕಪ್ಪು ನ್ಯೂಟ್ರಲಿಗೆ, ಹಸಿರು ಅರ್ತಿಗೆ. ಅದೇ ಕಪ್ಪು ಬಣ್ಣ, ಅಲ್ಲಿ ಒಂದು, ಇಲ್ಲಿ ಇನ್ನೊಂದು. ಅಲ್ಲಿನ ವಿದ್ಯುತ್ತು 120 ವೋಲ್ಟು, ನಮ್ಮದು 230. ಪುಟ ಸುಳ್ಳು ಹೇಳಿಲ್ಲ. ಅದು ನಿಮಗಾಗಿ ಬರೆದದ್ದಲ್ಲ, ಅಷ್ಟೆ. ಇಂಥ ಕೆಲಸಕ್ಕೆ ಬೀದಿಯ ಎಲೆಕ್ಟ್ರಿಷಿಯನ್ನನ್ನು ಕರೆಯುವುದೇ ವಿವೇಕ.

ಅಡುಗೆಮನೆಯಲ್ಲಿ ಇದರ ಪುಟ್ಟ ರೂಪ ದಿನವೂ ಕಾಣುತ್ತದೆ. ಅಮೆರಿಕದ ಒಂದು ‘ಕಪ್’ ಸುಮಾರು 237 ಮಿಲಿಲೀಟರು, ಆಸ್ಟ್ರೇಲಿಯದ್ದು 250, ಜಪಾನಿನದು 200. ಆಸ್ಟ್ರೇಲಿಯದ ದೊಡ್ಡ ಚಮಚ 20 ಮಿಲಿಲೀಟರು, ಅಮೆರಿಕದ್ದು 15. ಓವನ್ನನ್ನು 350 ಡಿಗ್ರಿಗೆ ಇಡಿ ಎಂದರೆ ಅದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 177 ಡಿಗ್ರಿ ಸೆಲ್ಸಿಯಸ್. ಕೇಕ್ ಕಲ್ಲಾದಾಗ ಕೈಗುಣವನ್ನು ದೂರುವ ಮೊದಲು ಪುಟದ ದೇಶ ಯಾವುದೆಂದು ನೋಡಿ. ದೇಶದಷ್ಟೇ ಮುಖ್ಯ ತಾರೀಕು. ಆದಾಯ ತೆರಿಗೆ, ಪಾಸ್‌ಪೋರ್ಟ್, ಬ್ಯಾಂಕು ಇವುಗಳ ಬಗ್ಗೆ ಐದು ವರ್ಷದ ಹಿಂದಿನ ಪುಟ ಎಷ್ಟೇ ಅಂದವಾಗಿದ್ದರೂ ಹಳೆಯ ಪಂಚಾಂಗವೇ. ಅಂಥ ವಿಷಯಕ್ಕೆ ಆಯಾ ಇಲಾಖೆಯ ಸ್ವಂತ ತಾಣಕ್ಕೇ ಹೋಗಿ.

ಪುಟದಿಂದ ಹೊರಗೆ ಬನ್ನಿ

ಪುಟದ ಸತ್ಯಾಸತ್ಯತೆಯನ್ನು ಆ ಪುಟದಲ್ಲೇ ಕೂತು ಅಳೆಯಲಾಗದು. ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ 10 ಮಂದಿ ಇತಿಹಾಸಕಾರರು, 25 ಮಂದಿ ಕಾಲೇಜು ವಿದ್ಯಾರ್ಥಿಗಳು ಮತ್ತು 10 ಮಂದಿ ಸುದ್ದಿಯ ಸತ್ಯ ಪರಿಶೀಲಿಸುವ ವೃತ್ತಿಯವರನ್ನು ಹೋಲಿಸಿ ನೋಡಿದರು. ಪಂಡಿತರೂ ವಿದ್ಯಾರ್ಥಿಗಳೂ ಪುಟವನ್ನು ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದಿ, ಗಂಭೀರವಾದ ಹೆಸರು, ಲಾಂಛನಗಳಿಗೆ ಸುಲಭವಾಗಿ ಮೋಸಹೋದರು. ಪರಿಶೀಲಕರು ಮಾತ್ರ ಬಂದ ಕೂಡಲೇ ಪುಟದಿಂದ ಹೊರಬಿದ್ದು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ನೋಡಿದರು. ಕಡಿಮೆ ಹೊತ್ತಿನಲ್ಲಿ ಸರಿಯಾದ ತೀರ್ಮಾನಕ್ಕೆ ಬಂದವರು ಅವರೇ. ಹೆಣ್ಣುಗಂಡು ನೋಡುವ ಮೊದಲು ನಮ್ಮ ಹಿರಿಯರು ಊರಿನಲ್ಲಿ ನಾಲ್ಕು ಜನರನ್ನು ವಿಚಾರಿಸುತ್ತಿದ್ದರಲ್ಲ, ಅದೇ ಉಪಾಯ!

ಇಂದು ಇದರ ಅಗತ್ಯ ಇನ್ನೂ ಹೆಚ್ಚಿದೆ. 2016ರ ಸೆಪ್ಟೆಂಬರಿನಲ್ಲಿ, ಇಯರ್‌ಫೋನ್ ಚುಚ್ಚುವ ರಂಧ್ರವಿಲ್ಲದ ಹೊಸ ಐಫೋನ್ ಬಂದಾಗ, ಡ್ರಿಲ್ಲಿನಿಂದ ಕೊರೆದರೆ ರಂಧ್ರ ಸಿಗುತ್ತದೆಂದು ತೋರಿಸುವ ಒಂದು ತಮಾಷೆಯ ವೀಡಿಯೋ ಲಕ್ಷಾಂತರ ಜನರನ್ನು ಮುಟ್ಟಿತು. ಯೂಟ್ಯೂಬ್ 2021ರ ನವೆಂಬರಿನಿಂದ ವೀಡಿಯೋ ಇಷ್ಟವಾಗಲಿಲ್ಲ ಎಂದವರ ಸಂಖ್ಯೆಯನ್ನು ವೀಕ್ಷಕರಿಗೆ ತೋರಿಸುವುದನ್ನು ನಿಲ್ಲಿಸಿತು. ಹಾಗಾಗಿ ‘ಇದು ಕೆಲಸಕ್ಕೆ ಬಾರದ್ದು’ ಎಂಬ ಒಂದು ಸುಳಿವು ಹೋಯಿತು. ಕೃತಕ ಬುದ್ಧಿಮತ್ತೆಯ ಉತ್ತರಗಳದು ಮತ್ತೊಂದು ಕಥೆ. 2024ರ ಮೇ ತಿಂಗಳಲ್ಲಿ ಗೂಗಲಿನ ಹೊಸ ಸೌಲಭ್ಯ, ಪಿಟ್ಸಾದ ಮೇಲಿನ ಚೀಸ್ ಜಾರದಿರಲು ಸಾಸಿಗೆ ಅಂಟು ಸೇರಿಸಿ ಎಂದು ಸಲಹೆ ಕೊಟ್ಟು ನಗೆಪಾಟಲಾಯಿತು. ಹತ್ತು ವರ್ಷಕ್ಕೂ ಹಿಂದೆ ಯಾರೋ ತಮಾಷೆಗೆ ಬರೆದದ್ದನ್ನು ಅದು ಪಾಠವೆಂದು ತಿಳಿದಿತ್ತು. ಆ ಯಂತ್ರಗಳು ಈಗ ಎಷ್ಟೋ ಸುಧಾರಿಸಿವೆ, ಉಪಯೋಗಿಸಿ. ಆದರೆ ಅವು ಒಲೆಯ ಮುಂದೆ ನಿಂತವಲ್ಲ ಎಂಬುದು ನೆನಪಿರಲಿ. ಎಲ್ಲಿಂದ ತಂದದ್ದು ಎಂದು ಕೇಳಿ, ಆ ಮೂಲವನ್ನೇ ತೆರೆದು ನೋಡಿ.

ಹಾಗೆಂದು ಪ್ರತಿಯೊಂದಕ್ಕೂ ಇಷ್ಟು ತನಿಖೆ ಬೇಕಿಲ್ಲ. ‘ತಪ್ಪಿದರೆ ಏನಾಗುತ್ತದೆ?’ ಎಂದು ಮೊದಲು ಕೇಳಿಕೊಳ್ಳಿ. ಸಾರಿಗೆ ಉಪ್ಪು ಹೆಚ್ಚಾದರೆ ನೀರು ಬೆರೆಸಬಹುದು, ಸೀರೆಯ ನೆರಿಗೆ ಬಿಚ್ಚಿ ಮತ್ತೆ ಹಾಕಬಹುದು. ಇಂಥ ಕಡೆ ಯಾವ ಪುಟವಾದರೂ ಸರಿ, ಧೈರ್ಯವಾಗಿ ಕೈಹಾಕಿ. ವಿದ್ಯುತ್ತು, ಗ್ಯಾಸು, ಔಷಧಿ, ರಾಸಾಯನಿಕ, ಬಹುದಿನ ಕೆಡದಂತೆ ಇಡುವ ಆಹಾರ, ಬ್ಯಾಂಕಿನ ಹಣ ಇವು ಹಿಂದಕ್ಕೆ ಬಾರದ ಹಾದಿಗಳು. ಇಲ್ಲಿ ಎರಡು ಸ್ವತಂತ್ರ ಮೂಲಗಳು ಒಂದೇ ಮಾತು ಹೇಳುವವರೆಗೆ ಕೈಕಟ್ಟಿ ಕುಳಿತುಕೊಳ್ಳಿ. ಬಲ್ಲವರು ಹತ್ತಿರದಲ್ಲಿದ್ದರೆ ಅವರನ್ನೇ ಕೇಳಿ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು.

ನಿಮಿಷವೋ, ಹದವೋ?

ಮೊದಲು ಹೇಳಿದ ಅಳತೆಗೋಲಿಗೆ ಮತ್ತೆ ಬರೋಣ. ನೀವು ಸರಿಯಾಗಿ ಮಾಡುತ್ತಿದ್ದೀರಿ ಎಂದು ನಿಮಗೆ ಗೊತ್ತಾಗುವುದು ಹೇಗೆ? ಅಡುಗೆಯ ಎಷ್ಟೋ ಪುಟಗಳು ‘ಐದು ನಿಮಿಷ ಹುರಿಯಿರಿ’ ಎನ್ನುತ್ತವೆ. ಯಾರ ಒಲೆಯಲ್ಲಿ ಐದು ನಿಮಿಷ? ದಪ್ಪ ಬಾಣಲೆಯೋ, ತೆಳುವೋ? ಅದೇ ನಿಮ್ಮ ಅಜ್ಜಿಯನ್ನು ಫೋನಿನಲ್ಲಿ ಕೇಳಿ ನೋಡಿ. ‘ಸಾಸಿವೆ ಚಟಪಟ ಅನ್ನಲಿ’, ‘ಹಸಿ ವಾಸನೆ ಹೋಗಲಿ’, ‘ಮೆಂತ್ಯ ಕೆಂಪಗಾಗಲಿ, ಕಪ್ಪಾದರೆ ಕಹಿ’, ‘ಪಾಕ ಬೆರಳಲ್ಲಿ ಹಿಡಿದರೆ ಒಂದೆಳೆ ಬರಲಿ’. ಗಮನಿಸಿದಿರಾ? ಅವರು ಹೇಳುವುದು ಹೊತ್ತನ್ನಲ್ಲ, ಗುರುತನ್ನು. ಕಣ್ಣಿಗೆ, ಕಿವಿಗೆ, ಮೂಗಿಗೆ, ಬೆರಳಿಗೆ ತಿಳಿಯುವ ಗುರುತು. ಒಲೆ ಯಾವುದಾದರೂ ಆ ಗುರುತು ಒಂದೇ. ತಪ್ಪಿದಾಗ ಹೇಗಿರುತ್ತದೆ ಎಂಬುದೂ ಅದರಲ್ಲಿದೆ. ಕನ್ನಡದಲ್ಲಿ ಇದಕ್ಕೆಲ್ಲ ಸೇರಿ ಒಂದು ಒಳ್ಳೆಯ ಪದವಿದೆ: ಹದ.

ಅಜ್ಜಿಯ ಪಾಠದಲ್ಲಿ ಕೊರತೆ ಇರುವುದು ಬೇರೆ ಕಡೆ. ಎಷ್ಟು ಎಂದರೆ ‘ಕಣ್ಣಳತೆ’, ‘ಅಂದಾಜು’, ‘ನಿಂಗೇ ಗೊತ್ತಾಗುತ್ತೆ’. ಪುಟಕ್ಕೆ ಪ್ರಮಾಣ ಗೊತ್ತು, ಹದ ತಿಳಿಯದು. ಅಜ್ಜಿಗೆ ಹದ ಗೊತ್ತು, ಪ್ರಮಾಣ ಹೇಳಲು ಬಾರದು. ಎರಡನ್ನೂ ಕೂಡಿಸಬಲ್ಲವರು ಯಾರು? ಮೊಬೈಲೂ ಬಲ್ಲ, ಅಜ್ಜಿಯ ಮಾತೂ ಬಲ್ಲ ನೀವೇ.

ಆದ್ದರಿಂದ ಈ ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಒಬ್ಬರಿಗೆ ಮಾತ್ರ ಬರುವ ಒಂದು ವಿದ್ಯೆಯನ್ನು ಆರಿಸಿಕೊಳ್ಳಿ. ಹಾಲುಬಾಯಿ ಇರಬಹುದು, ಜೋಳದ ರೊಟ್ಟಿ ಬಡಿಯುವುದಿರಬಹುದು, ಮಗ್ಗಿನ ಜಡೆ ಹೆಣೆಯುವುದಿರಬಹುದು, ಕೌದಿ ಹೊಲಿಯುವುದಿರಬಹುದು. ಅವರು ಮಾಡುವಾಗ ಪಕ್ಕದಲ್ಲಿ ನಿಲ್ಲಿ. ಅವರು ಹಿಡಿಯಷ್ಟು ತೆಗೆದುಕೊಂಡದ್ದನ್ನು ಪಾತ್ರೆಗೆ ಬೀಳುವ ಮೊದಲು ಬಟ್ಟಲಲ್ಲಿ ಅಳೆದುಕೊಳ್ಳಿ. ‘ಇದು ಏಕೆ?’, ‘ಸರಿಯಾಯಿತೆಂದು ಹೇಗೆ ಗೊತ್ತು?’, ‘ಕೆಟ್ಟರೆ ಏನು ಮಾಡುತ್ತೀರಿ?’ ಈ ಮೂರು ಪ್ರಶ್ನೆಗಳನ್ನು ಪ್ರತಿ ಹಂತಕ್ಕೂ ಕೇಳಿ. ಕನ್ನಡದಲ್ಲೇ ಬರೆದುಕೊಳ್ಳಿ, ಮೊಬೈಲಿನಲ್ಲೇ ಕನ್ನಡ ಕೀಲಿಮಣೆ ಇದೆ, ಬರೆಯುವುದು ನಿಧಾನವಾದರೆ ಮಾತನ್ನು ಧ್ವನಿಮುದ್ರಿಸಿಕೊಂಡು ಆಮೇಲೆ ಬರೆಯಿರಿ. ‘ಹಸಿ ವಾಸನೆ’, ‘ಒಂದೆಳೆ ಪಾಕ’ ಇಂಥ ಪದಗಳನ್ನು ಇಂಗ್ಲಿಷಿಗೆ ತಿರುಗಿಸಲು ಹೋಗಿ ಕಳೆದುಕೊಳ್ಳಬೇಡಿ.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಆ ಕೆಲಸ ಎಂದೂ ಮಾಡದ ಒಬ್ಬ ಗೆಳೆಯನ ಕೈಗೆ ಹಾಳೆ ಕೊಟ್ಟು, ನೀವು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. ಅವನು ಎಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಾನೋ ಅಲ್ಲಿ ನಿಮ್ಮ ಬರಹದಲ್ಲಿ ಒಂದು ವಾಕ್ಯ ಬಿಟ್ಟುಹೋಗಿದೆ. ಅದನ್ನು ಸೇರಿಸಿ, ಮತ್ತೊಬ್ಬನ ಕೈಗೆ ಕೊಡಿ. ಒಮ್ಮೆ ಹೀಗೆ ಮಾಡಿದವರಿಗೆ ಮುಂದೆ ಯಾವ ಪುಟ ತೆರೆದರೂ ಅದರಲ್ಲಿ ಬಿಟ್ಟುಹೋದ ವಾಕ್ಯ ತಾನಾಗಿ ಕಣ್ಣಿಗೆ ಬೀಳುತ್ತದೆ. ಇನ್ನೊಂದು ಲಾಭವೂ ಉಂಟು: ಊರಿನಲ್ಲಿ ಆ ವಿದ್ಯೆ ಬಲ್ಲವರು ಇರುವಾಗಲೇ ಅದು ಹಾಳೆಗೆ ಇಳಿದಿರುತ್ತದೆ. ಆ ಹಾಳೆಯನ್ನು ನಮ್ಮ ಈ ಪತ್ರಿಕೆಗೂ ಕಳಿಸಿ. ಮಾಡಿ ನೋಡುವವರು ಇಲ್ಲಿ ಬಹಳ ಮಂದಿ ಇದ್ದಾರೆ.